ಅದಿರಿನ ಧೂಳಿನ ದಾರಿಯಲ್ಲಿ ಟರ್ಬೊ ಪೆಟ್ರೋಲ್ ಕಾರು: ಎಂಜಿನ್ ಬಾಳಿಕೆ ಕಾಯುವ ಬಗೆ

2020ರ ಏಪ್ರಿಲ್ 1ರಂದು ವಾಹನಗಳ ಹೊಗೆ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದಾಗ ಮಾರುತಿ, ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಕಂಪನಿಗಳು ನಮ್ಮ ದೇಶದಲ್ಲಿ ಡೀಸೆಲ್ ಕಾರು ಮಾರುವುದನ್ನೇ ನಿಲ್ಲಿಸಿದವು. ಅಲ್ಲಿಂದೀಚೆಗೆ ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದಲ್ಲಿ ಡೀಸೆಲ್ ಕಾರು ಬಿಟ್ಟರೆ ಬೇರೆ ನೋಡದಿದ್ದ ಎಷ್ಟೋ ಮನೆಗಳಿಗೆ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ) ಇರುವ ಪೆಟ್ರೋಲ್ ಕಾರು ಬಂದಿದೆ. ಪಿಕಪ್ ಡೀಸೆಲಿನಂತೆಯೇ ಇದೆ, ಸದ್ದು ಕಡಿಮೆ ಎಂದು ಕೊಂಡವರಿಗೆ ವರ್ಷದೊಳಗೆ ಒಂದು ಅಳುಕು ಶುರುವಾಗುತ್ತದೆ: ಇಷ್ಟು ಚಿಕ್ಕ ಎಂಜಿನ್‌ನಿಂದ ಇಷ್ಟು ಶಕ್ತಿ ತೆಗೆದರೆ ಅದು ಎಷ್ಟು ದಿನ ಬಾಳೀತು?

ಸರಿಯಾಗಿ ನೋಡಿಕೊಂಡರೆ ಬಹಳ ದಿನ ಬಾಳುತ್ತದೆ ಎಂಬುದು ನನ್ನ ಉತ್ತರ. ಆದರೆ ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ‘ಸಾಮಾನ್ಯ ಬಳಕೆ’ಗೆಂದು ಅಚ್ಚು ಹಾಕಿರುವ ಸರ್ವಿಸ್ ಪಟ್ಟಿ ನಮ್ಮ ಭಾಗಕ್ಕೆ ಹೊಂದುವುದಿಲ್ಲ. ಅದೇ ಪುಸ್ತಕದಲ್ಲಿ ಕಠಿಣ ಬಳಕೆಗೆಂದು ಇನ್ನೊಂದು ಪಟ್ಟಿ ಇರುತ್ತದೆ. ಧೂಳಿನ ರಸ್ತೆ, ಅತಿಯಾದ ಬಿಸಿಲು, ಪದೇ ಪದೇ ಕಡಿಮೆ ದೂರದ ಓಡಾಟ, ಎಂಜಿನ್ ಚಾಲೂ ಇಟ್ಟು ಗಂಟೆಗಟ್ಟಲೆ ನಿಲ್ಲಿಸುವುದು ಇವೆಲ್ಲ ಅದರಲ್ಲಿ ಬರುತ್ತವೆ. ಗಣಿ, ಕಾರ್ಖಾನೆ, ವಿದ್ಯುತ್ ಸ್ಥಾವರಗಳಿರುವ ಸಂಡೂರು, ತೋರಣಗಲ್ಲು, ಗಿಣಿಗೇರಿ, ಶಕ್ತಿನಗರದ ಸುತ್ತ ಓಡುವ ಕಾರಿಗೆ ಈ ನಾಲ್ಕರಲ್ಲಿ ಮೂರಾದರೂ ಅನ್ವಯಿಸುತ್ತವೆ. ಆದ್ದರಿಂದ ಮೊದಲ ಕೆಲಸವೆಂದರೆ ಆ ಎರಡನೆಯ ಪಟ್ಟಿಯನ್ನು ಹುಡುಕಿ ಗುರುತು ಹಾಕಿಕೊಂಡು, ನಿಮ್ಮ ಕಾರಿಗೆ ಅದನ್ನೇ ಮೂಲವಾಗಿ ಇಟ್ಟುಕೊಳ್ಳುವುದು.

ಟರ್ಬೊ ಇದ್ದ ಮಾತ್ರಕ್ಕೆ ಡೈರೆಕ್ಟ್ ಇಂಜೆಕ್ಷನ್ ಅಲ್ಲ

ಈ ಎರಡನ್ನು ಒಂದೇ ಎಂದು ತಿಳಿಯುವವರು ಹೆಚ್ಚು. ಹ್ಯುಂಡೈ ಮತ್ತು ಕಿಯಾ ಕಾರುಗಳ 1.0 ಮತ್ತು 1.5 ಲೀಟರಿನ ಟಿ-ಜಿಡಿಐ, ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್‌ನ ಟಿಎಸ್‌ಐ, ಮಹೀಂದ್ರಾದ ಟಿಜಿಡಿಐ ಎಂಬ ಹೆಸರಿನ ಎಂಜಿನ್‌ಗಳಲ್ಲಿ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನ ಒಳಗೇ ಸಿಂಪಡಿಸಲಾಗುತ್ತದೆ, ಇದೇ ಡೈರೆಕ್ಟ್ ಇಂಜೆಕ್ಷನ್. ನಿಸ್ಸಾನ್ ಮ್ಯಾಗ್ನೈಟ್ ಹಾಗೂ ರೆನೊ ಕೈಗರ್‌ನ 1.0 ಟರ್ಬೊ, ಟಾಟಾ ನೆಕ್ಸಾನ್‌ನ 1.2 ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಟರ್ಬೊ ಇದ್ದರೂ ಪೆಟ್ರೋಲ್ ಸಿಲಿಂಡರಿನ ಹೊರಗೆ, ಗಾಳಿ ಒಳಬರುವ ದಾರಿಯಲ್ಲಿ ಬೆರೆಯುತ್ತದೆ. ಹೀಗೆ ಹೊರಗೆ ಬೆರೆಸುವ ಹಳೆಯ ಪದ್ಧತಿಯಲ್ಲಿ ಇಂಧನದ ಒತ್ತಡ ನಾಲ್ಕು ಬಾರಿನ ಆಸುಪಾಸು ಇದ್ದರೆ, ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಅದು 200ರಿಂದ 350 ಬಾರ್‌ವರೆಗೆ ಏರುತ್ತದೆ. ಮುಂದೆ ಹೇಳುವ ಆಯಿಲ್, ಧೂಳು ಮತ್ತು ಎಂಜಿನ್ ತಣಿಸುವ ದ್ರವವಾದ ಕೂಲಂಟ್‌ನ ಮಾತು ಎರಡು ಬಗೆಯ ಕಾರುಗಳಿಗೂ ಸಲ್ಲುತ್ತದೆ. ವಾಲ್ವ್ ಮೇಲಿನ ಮಸಿ ಮತ್ತು ಆಯಿಲ್‌ನಲ್ಲಿ ಪೆಟ್ರೋಲ್ ಬೆರೆಯುವ ಮಾತು ಮುಖ್ಯವಾಗಿ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳದು.

ಆಯಿಲ್: ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಹೆಚ್ಚು

ಟರ್ಬೊದ ಒಳಗಿನ ಸಣ್ಣ ಶಾಫ್ಟ್ ನಿಮಿಷಕ್ಕೆ ಒಂದೂವರೆ ಎರಡು ಲಕ್ಷ ಸುತ್ತು ತಿರುಗಬಲ್ಲದು. ಅದರ ಒಂದು ತುದಿಗೆ ಎಂಜಿನ್‌ನಿಂದ ಹೊರಬರುವ ಸುಡುಹೊಗೆ ತಾಗುತ್ತದೆ; ಪೆಟ್ರೋಲ್ ಎಂಜಿನ್‌ನಲ್ಲಿ ಜೋರಾಗಿ ಓಡಿಸುವಾಗ ಆ ಹೊಗೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಡೀಸೆಲ್‌ನಲ್ಲಿ ಇದು ಸಾಕಷ್ಟು ಕಡಿಮೆ. ನಮ್ಮ ಊರುಗಳ ಮೆಕ್ಯಾನಿಕ್‌ಗಳು ದಶಕಗಳಿಂದ ಡೀಸೆಲ್ ಟರ್ಬೊ ನೋಡಿ ಪಳಗಿದವರು, ಅವರ ಕೈ ಒಳ್ಳೆಯದು. ಆದರೆ ಡೀಸೆಲ್ ಗಾಡಿಗೆ ಸಾಗಿದ ‘ಇನ್ನೂ ಎರಡು ಸಾವಿರ ಕಿಲೋಮೀಟರ್ ಓಡಿಸಿರಿ, ಏನೂ ಆಗಂಗಿಲ್ಲ’ ಎಂಬ ಮಾತು ಇಲ್ಲಿ ಸಾಗುವುದಿಲ್ಲ. ಆ ಶಾಫ್ಟ್ ಮತ್ತು ಬೇರಿಂಗ್ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರವೊಂದೇ. ಆಯಿಲ್ ಹಳತಾಗಿ ಕಪ್ಪಾದರೆ, ಬಿಸಿಗೆ ಸುಟ್ಟು ಗಟ್ಟಿ ಮಸಿಯಾಗಿ ಟರ್ಬೊಗೆ ಹೋಗುವ ಸಣ್ಣ ಕೊಳವೆಯಲ್ಲಿ ಕಟ್ಟಿಕೊಂಡರೆ, ಬೇರಿಂಗ್ ಒಣಗಿ ಹೋಗಲು ಹೆಚ್ಚು ದಿನ ಬೇಡ. ಟರ್ಬೊ ಕೆಟ್ಟಿತು ಎಂದು ಗ್ಯಾರೇಜಿಗೆ ಬರುವ ಕಾರುಗಳಲ್ಲಿ ಬಹುಪಾಲು ಕೆಟ್ಟಿರುವುದು ಮೊದಲು ಆಯಿಲ್, ಆಮೇಲೆ ಟರ್ಬೊ.

ಕಂಪನಿಯ ಸಾಮಾನ್ಯ ಪಟ್ಟಿ 10,000 ಅಥವಾ 15,000 ಕಿಲೋಮೀಟರಿಗೆ ಒಮ್ಮೆ ಆಯಿಲ್ ಬದಲಿಸಲು ಹೇಳಿದರೆ, ನಮ್ಮ ಬಿಸಿಲು ಧೂಳಿನಲ್ಲಿ ಅದರ ಅರ್ಧಕ್ಕೆ, ಇಲ್ಲವೇ ಆರು ತಿಂಗಳಿಗೆ, ಯಾವುದು ಮೊದಲೋ ಅದಕ್ಕೆ ಬದಲಿಸುವುದು ಸರಿ. ಆಯಿಲ್ ಜೊತೆಗೆ ಆಯಿಲ್ ಫಿಲ್ಟರ್ ಮತ್ತು ಡ್ರೈನ್ ಬೋಲ್ಟಿನ ವಾಷರ್ ಕೂಡ ಹೊಸದಾಗಲಿ. ಡಬ್ಬಿಯ ಹಿಂಬದಿಯಲ್ಲಿ ‘ಎಪಿಐ ಎಸ್‌ಪಿ’ (API SP) ಎಂಬ ಗುಣಮಟ್ಟದ ದರ್ಜೆ ಅಥವಾ ಅದಕ್ಕಿಂತ ಹೊಸ ದರ್ಜೆ ಇದೆಯೇ ಎಂದು ಓದಿ ನೋಡಿ. 2020ರಲ್ಲಿ ಬಂದ ಈ ದರ್ಜೆಯನ್ನು ರೂಪಿಸಿದ್ದೇ ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳ ಎರಡು ರೋಗಗಳನ್ನು ಗಮನದಲ್ಲಿಟ್ಟುಕೊಂಡು: ಒಂದು ಅಕಾಲದಲ್ಲಿ ಇಂಧನ ಹೊತ್ತಿಕೊಳ್ಳುವುದು, ಇನ್ನೊಂದು ವಾಲ್ವ್‌ಗಳು ಸರಿಯಾದ ಸಮಯಕ್ಕೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಟೈಮಿಂಗ್ ಚೈನ್ ಸವೆಯುವುದು. 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಎಂಬ ತೆಳುಪಿನ ಅಂಕಿ ನಿಮ್ಮ ಕಾರಿನ ಪುಸ್ತಕದಲ್ಲಿ ಇದ್ದಂತೆಯೇ ಇರಲಿ. ಬಿಸಿಲು ಹೆಚ್ಚು ಎಂಬ ಕಾರಣಕ್ಕೆ 20ಡಬ್ಲ್ಯೂ-50ಯಂಥ ದಪ್ಪ ಆಯಿಲ್ ಹಾಕಿಸಿದರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಅದು ಟರ್ಬೊ ತಲುಪುವುದು ತಡವಾಗುತ್ತದೆ. ಬಿಡಿ ಆಯಿಲ್ ಬೇಡ, ಸೀಲ್ ಇರುವ ಡಬ್ಬಿಯನ್ನು ನಿಮ್ಮ ಮುಂದೆಯೇ ಒಡೆಸಿರಿ.

ಎರಡು ವರ್ಷಗಳ ಹಿಂದಿನ ಚಳಿಗಾಲದಲ್ಲಿ ನನ್ನ ಕಾರು ಸುಮಾರು ಎರಡು ತಿಂಗಳು ಬಳ್ಳಾರಿಯ ಗಾಂಧಿನಗರದ ಮನೆಯಿಂದ ಎರಡು ಕಿಲೋಮೀಟರ್ ದೂರದ ಕಚೇರಿಗೆ ಹೋಗಿ ಬರುವುದನ್ನು ಬಿಟ್ಟು ಬೇರೆಲ್ಲಿಗೂ ಹೋಗಲಿಲ್ಲ. ಒಂದು ಭಾನುವಾರ ಆಯಿಲ್ ಮಟ್ಟ ತೋರಿಸುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ನೋಡಿದಾಗ, ಹಿಂದಿನ ಬಾರಿ ಎರಡು ಗುರುತುಗಳ ನಡುವೆ ಇದ್ದ ಆಯಿಲ್ ಮೇಲಿನ ಗುರುತನ್ನೂ ದಾಟಿ ಕಿರುಬೆರಳ ದಪ್ಪದಷ್ಟು ಏರಿತ್ತು. ಯಾರೂ ಆಯಿಲ್ ಸುರಿದಿರಲಿಲ್ಲ. ಕಡ್ಡಿಯ ತುದಿಯನ್ನು ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲಿನ ವಾಸನೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟರೆ ನಡುವೆ ಕಪ್ಪು ಚುಕ್ಕೆ, ಸುತ್ತ ನೀರಿನಂತೆ ಹರಡಿದ ಅಗಲವಾದ ತೆಳು ಉಂಗುರ. ತಣ್ಣಗಿರುವ ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಬೇಕು. ನೇರವಾಗಿ ಸಿಂಪಡಿಸಿದಾಗ ಅದರಲ್ಲೊಂದಿಷ್ಟು ಸಿಲಿಂಡರಿನ ಗೋಡೆಗೆ ಅಂಟಿ, ಪಿಸ್ಟನ್ ರಿಂಗ್‌ಗಳ ಸಂದಿನಿಂದ ಇಳಿದು ಆಯಿಲ್ ಸೇರುತ್ತದೆ. ದೂರ ಓಡಿದರೆ ಆಯಿಲ್ ಕಾದು ಆ ಪೆಟ್ರೋಲ್ ಆವಿಯಾಗಿ ಹೋಗುತ್ತದೆ, ಎರಡು ಕಿಲೋಮೀಟರಿನಲ್ಲಿ ಆಯಿಲ್ ಕಾಯುವುದೇ ಇಲ್ಲ. ಮರುದಿನವೇ ಆಯಿಲ್ ಬದಲಿಸಿದೆ. ಅಂದಿನಿಂದ ವಾರಕ್ಕೊಮ್ಮೆ ಹೊಸಪೇಟೆವರೆಗಿನ ಸುಮಾರು 60 ಕಿಲೋಮೀಟರ್ ಓಡಿಸಿ ಬರುವುದನ್ನು ರೂಢಿ ಮಾಡಿಕೊಂಡಿದ್ದೇನೆ, ಮಟ್ಟ ಮತ್ತೆ ಏರಿಲ್ಲ.

ಹದಿನೈದು ದಿನಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುವುದು ಸಣ್ಣ ಕೆಲಸ. ಕಾರು ಸಮನಾದ ನೆಲದ ಮೇಲೆ ಇರಬೇಕು. ಓಡಿಸಿ ಬಂದು ಎಂಜಿನ್ ಆರಿಸಿದ ಮೇಲೆ ಆಯಿಲ್ ಕೆಳಗಿಳಿಯಲು ಹತ್ತು ನಿಮಿಷ ಬಿಡಬೇಕು. ಕಡ್ಡಿಯನ್ನು ಒಮ್ಮೆ ಒರೆಸಿ, ಪೂರ್ತಿ ಒಳಗಿಳಿಸಿ, ಮತ್ತೆ ಎಳೆದು ನೋಡಬೇಕು. ಮಟ್ಟ ಇಳಿಯುವುದು ಎಷ್ಟು ಕೆಟ್ಟ ಸೂಚನೆಯೋ ಏರುವುದೂ ಅಷ್ಟೇ ಕೆಟ್ಟ ಸೂಚನೆ ಎಂಬುದನ್ನು ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ಹೇಳಿಕೊಡಿ.

ಗಣಿ, ಕಾರ್ಖಾನೆಗಳಿಗೆ ಕಾರು ಬಾಡಿಗೆಗೆ ಬಿಟ್ಟವರು ಇನ್ನೊಂದು ಲೆಕ್ಕ ಇಡಬೇಕು. ಸಾಹೇಬರು ಒಳಗೆ ಮೀಟಿಂಗಿನಲ್ಲಿರುವಾಗ ಡ್ರೈವರ್ ತಮ್ಮಂದಿರು ಬಿಸಿಲ ಬೇಗೆಗೆ ಎಸಿ ಹಾಕಿಕೊಂಡು ಕೂರುತ್ತಾರೆ, ಅದು ತಪ್ಪಲ್ಲ, 42 ಡಿಗ್ರಿ ಬಿಸಿಲಿನಲ್ಲಿ ಇನ್ನೇನು ಮಾಡಿಯಾರು. ಆದರೆ ಆ ಹೊತ್ತೆಲ್ಲ ಮೀಟರ್ ನಿಂತಿರುತ್ತದೆ, ಆಯಿಲ್ ಸವೆಯುತ್ತಿರುತ್ತದೆ. ಒಂದು ಗಂಟೆ ನಿಂತಲ್ಲೇ ಎಂಜಿನ್ ಚಾಲೂ ಇದ್ದರೆ 40 ಕಿಲೋಮೀಟರ್ ಓಡಿದಷ್ಟು ಎಂದು ಅಂದಾಜು ಹಿಡಿಯಿರಿ. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 25 ದಿನ ನಿಂತರೆ 75 ಗಂಟೆ, ಅಂದರೆ ಮೀಟರಿನಲ್ಲಿ ಕಾಣದ 3,000 ಕಿಲೋಮೀಟರ್. ಇಂಥ ಕಾರಿಗೆ ಮೀಟರ್ ನೋಡಿ ಆಯಿಲ್ ಬದಲಿಸಿದರೆ ಯಾವಾಗಲೂ ತಡವಾಗಿಯೇ ಬದಲಿಸಿದಂತೆ.

ಕೆಂಪು ಧೂಳು

ಟರ್ಬೊ ಇಲ್ಲದ ಎಂಜಿನ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಟರ್ಬೊ ಅದನ್ನು ಇನ್ನೂ ಹೆಚ್ಚಾಗಿ ಹೀರಿ ಒಳಕ್ಕೆ ತುಂಬುತ್ತದೆ. ಅದಿರು ಲಾರಿಗಳ ಹಿಂದೆ ಸಂಡೂರು ರಸ್ತೆಯಲ್ಲಿ ಓಡುವಾಗ ಆ ಗಾಳಿಯಲ್ಲಿ ಇರುವುದು ಕಬ್ಬಿಣದ ಅದಿರಿನ ನುಣ್ಣನೆಯ ಪುಡಿ, ಲೋಹವನ್ನು ಉಜ್ಜಲು ಅದಕ್ಕಿಂತ ಬೇರೆ ಬೇಡ. ಏರ್ ಫಿಲ್ಟರ್ ಒಂದೇ ಇಲ್ಲಿ ಕಾವಲು.

ಒಮ್ಮೆ ನಾನು ರಸ್ತೆ ಬದಿಯ ಗ್ಯಾರೇಜಿನಲ್ಲಿ ಏರ್ ಫಿಲ್ಟರ್ ಶುಚಿ ಮಾಡಿಸಿದೆ. ಹುಡುಗ ಅದನ್ನು ಟೈರಿಗೆ ಗಾಳಿ ಹಾಕುವ ಪೈಪಿಗೆ ಹಿಡಿದು, ಧೂಳೆಲ್ಲ ಹಾರುವಂತೆ ಊದಿ, ಬಿಳಿಯಾಯಿತೆಂದು ತೋರಿಸಿ ಕೂರಿಸಿದ. ಮೂರು ತಿಂಗಳ ನಂತರ ಫಿಲ್ಟರ್ ಡಬ್ಬಿಯಿಂದ ಟರ್ಬೊ ಕಡೆಗೆ ಹೋಗುವ ರಬ್ಬರ್ ಪೈಪನ್ನು ಬೇರೆ ಕಾರಣಕ್ಕೆ ಬಿಚ್ಚಿದಾಗ ಒಳಗೆ ಬೆರಳಾಡಿಸಿದೆ, ಬೆರಳ ತುದಿ ಕುಂಕುಮದ ಭರಣಿಯಲ್ಲಿ ಅದ್ದಿ ತೆಗೆದಂತೆ ಕೆಂಪಾಯಿತು. ಫಿಲ್ಟರನ್ನು ಬೆಳಕಿಗೆ ಹಿಡಿದರೆ ಕಾಗದದ ಒಂದು ಮಡಿಕೆಯ ಬುಡದಲ್ಲಿ ಸೂಜಿಮೊನೆಯಷ್ಟು ಬೆಳಕು ತೂರಿ ಬರುತ್ತಿತ್ತು. ಜೋರು ಗಾಳಿಗೆ ಕಾಗದ ಹರಿದಿತ್ತು. ಟರ್ಬೊದ ರೆಕ್ಕೆಗಳಿಗೆ ಇನ್ನೂ ಪೆಟ್ಟಾಗಿರಲಿಲ್ಲ ಎಂಬುದು ನನ್ನ ಪುಣ್ಯ.

ಆದ್ದರಿಂದ ಫಿಲ್ಟರನ್ನು ಊದಿಸಬೇಡಿ. ಮೆಲ್ಲಗೆ ತಟ್ಟಿ ಮೇಲಿನ ಧೂಳು ಉದುರಿಸಬಹುದು, ಅದರಾಚೆ ಹೊಸದನ್ನೇ ಹಾಕಿ. ಗಣಿ ರಸ್ತೆಯಲ್ಲಿ ಓಡುವ ಕಾರಿಗೆ 5,000 ಕಿಲೋಮೀಟರಿಗೊಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು. ಹೊಸ ಫಿಲ್ಟರ್ ಕೂರಿಸುವ ಮೊದಲು ಡಬ್ಬಿಯ ತಳವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸುತ್ತಲಿನ ರಬ್ಬರ್ ಅಂಚು ಎಲ್ಲ ಕಡೆ ಸಮನಾಗಿ ಕೂತಿದೆಯೇ, ಕ್ಲಿಪ್‌ಗಳೆಲ್ಲ ಬಿಗಿಯಾಗಿವೆಯೇ ನೋಡಿ. ಹೊಸದಾಗಿ ಕಾಣುವ ಫಿಲ್ಟರ್ ಪಕ್ಕದಿಂದಲೇ ಧೂಳು ನುಸುಳುವುದು ಇಲ್ಲೇ. ಎಣ್ಣೆ ಸವರಿ ಮತ್ತೆ ಮತ್ತೆ ಬಳಸುವ ‘ರೇಸಿಂಗ್’ ಫಿಲ್ಟರ್‌ಗಳು ನಮ್ಮ ಧೂಳಿಗೆ ತಕ್ಕವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅವುಗಳ ಎಣ್ಣೆ ಗಾಳಿ ಅಳೆಯುವ ಸೆನ್ಸರಿನ ಮೇಲೆ ಕೂರುವ ಅಪಾಯವೂ ಇದೆ.

ಬಿಸಿಲು ಮತ್ತು ಸವಳು ನೀರು

ಈಗಿನ ಟರ್ಬೊಗಳಲ್ಲಿ ಹೆಚ್ಚಿನವಕ್ಕೆ ಆಯಿಲ್ ಜೊತೆ ಕೂಲಂಟ್ ಕೂಡ ಹರಿಯುತ್ತದೆ. ರಾಯಚೂರು, ಕೊಪ್ಪಳ ಕಡೆಯ ಬೋರ್‌ವೆಲ್ ನೀರು ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಪದರ ಬಿಡುತ್ತದಲ್ಲ, ರೇಡಿಯೇಟರಿಗೆ ಆ ನೀರು ಸುರಿದರೆ ಅದೇ ಪದರ ಎಂಜಿನ್ ಒಳಗಿನ ಕಿರಿದಾದ ದಾರಿಗಳಲ್ಲಿ, ಟರ್ಬೊ ಸುತ್ತ ಕಟ್ಟಿಕೊಳ್ಳುತ್ತದೆ. ಕಂಪನಿ ಹೇಳಿದ ಕೂಲಂಟನ್ನೇ ಹಾಕಿ. ನೀರು ಬೆರೆಸದೆ ಮಾರುವ ಕೂಲಂಟ್ ಆಗಿದ್ದರೆ ಡಿಸ್ಟಿಲ್ಡ್ ನೀರಿನಲ್ಲೇ ಬೆರೆಸಿ. ಬೇರೆ ಬೇರೆ ಬಗೆಯ ಕೂಲಂಟ್‌ಗಳನ್ನು ಬಣ್ಣ ಒಂದೇ ಎಂದು ಬೆರೆಸಬೇಡಿ. ದಾರಿಯಲ್ಲಿ ಕೈ ತಪ್ಪಿ ನಲ್ಲಿ ನೀರು ಹಾಕಲೇಬೇಕಾಗಿ ಬಂದರೆ, ಊರು ಸೇರಿದ ಮೇಲೆ ಪೂರ್ತಿ ತೆಗೆಸಿ ಹೊಸ ಕೂಲಂಟ್ ತುಂಬಿಸಿ. ಎಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆಯಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಿರುಗುಪ್ಪ, ಸಿಂಧನೂರು, ಗಂಗಾವತಿಯ ಗದ್ದೆ ರಸ್ತೆಗಳಲ್ಲಿ ಭತ್ತದ ಕಾಲದಲ್ಲಿ ರಾತ್ರಿ ಓಡಿಸಿದರೆ ಬೆಳಗ್ಗೆ ಮುಂಭಾಗದ ಜಾಲರಿಯೆಲ್ಲ ಹುಳುಗಳಿಂದ ತುಂಬಿರುತ್ತದೆ. ಟರ್ಬೊದಿಂದ ಬಂದ ಬಿಸಿಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಎಷ್ಟೋ ಕಾರುಗಳಲ್ಲಿ ಅಲ್ಲೇ ಹಿಂದೆ ಇರುತ್ತದೆ. ಎಂಜಿನ್ ತಣಿದ ಮೇಲೆ ಸಾಧಾರಣ ಪೈಪಿನಿಂದ ಮೆತ್ತಗೆ ನೀರು ಬಿಟ್ಟು ತೊಳೆಯಿರಿ. ಪ್ರೆಶರ್ ವಾಷಿನ ನೀರನ್ನು ಹತ್ತಿರದಿಂದ ಬಿಟ್ಟರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಓಡಿಸುವಾಗ

ಅದಿರು ಲಾರಿಯ ಹಿಂದೆ ಐದನೇ ಗೇರಿನಲ್ಲಿ 45ರ ವೇಗದಲ್ಲಿ ತೆವಳುತ್ತಿದ್ದು, ಎದುರು ರಸ್ತೆ ಖಾಲಿ ಕಂಡ ಕೂಡಲೇ ಗೇರು ಬದಲಿಸದೆ ಆಕ್ಸಿಲರೇಟರ್ ಪೂರ್ತಿ ಒತ್ತುವುದು ಈ ಎಂಜಿನ್‌ಗೆ ಮಾಡಬಹುದಾದ ದೊಡ್ಡ ಅನ್ಯಾಯ. ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು ಕಡಿಮೆ ಇರುವಾಗ) ಟರ್ಬೊ ಒಮ್ಮೆಲೇ ಗಾಳಿ ತುಂಬಿದಾಗ, ಸಿಲಿಂಡರ್ ಗೋಡೆಯ ಮೇಲೆ ಪೆಟ್ರೋಲ್ ಬೆರೆತು ಕೂತಿದ್ದ ಆಯಿಲ್ ಹನಿಯೊಂದು, ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಮೊದಲೇ ಹೊತ್ತಿಕೊಳ್ಳಬಹುದು. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸ್ಫೋಟ ಆಗುವುದರಿಂದ ಒತ್ತಡ ವಿಪರೀತ ಏರಿ ಪಿಸ್ಟನ್ನಿನ ರಿಂಗು ಕೂರುವ ಅಂಚು ಮುರಿಯಬಹುದು. ಎಂಜಿನಿಯರುಗಳು ಇದಕ್ಕೆ ಎಲ್‌ಎಸ್‌ಪಿಐ (ಲೋ ಸ್ಪೀಡ್ ಪ್ರೀ-ಇಗ್ನಿಷನ್) ಎನ್ನುತ್ತಾರೆ. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಇದು ಹೆಚ್ಚು ಎಂದು ಕಂಡುಬಂದದ್ದರಿಂದಲೇ ಹೊಸ ಆಯಿಲ್‌ಗಳಲ್ಲಿ ಅದನ್ನು ತಗ್ಗಿಸಿ ಮೆಗ್ನೀಸಿಯಂ ಬಳಸುತ್ತಾರೆ. ನೀವು ಮಾಡಬೇಕಾದದ್ದು ಇಷ್ಟೇ: ಓವರ್‌ಟೇಕ್‌ಗೆ ಮೊದಲು ಒಂದೋ ಎರಡೋ ಗೇರು ಇಳಿಸಿ, ಆರ್‌ಪಿಎಂ 2,000 ದಾಟಿದ ಮೇಲೆ ಎಳೆಯಿರಿ. ಆಟೋಮ್ಯಾಟಿಕ್ ಕಾರು ತಾನೇ ಗೇರು ಇಳಿಸಿಕೊಳ್ಳುತ್ತದೆ, ಅದಕ್ಕೆ ಅರೆಕ್ಷಣ ಕೊಡಿ.

ಬೆಳಗ್ಗೆ ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು ಹೊರಡಿ, ಮೊದಲ ಕೆಲವು ಕಿಲೋಮೀಟರ್ ಸಾವಕಾಶವಾಗಿ ಹೋಗಿ. ಹೆದ್ದಾರಿಯಲ್ಲಿ ಜೋರಾಗಿ ಬಂದಾಗ ಕೊನೆಯ ಒಂದೆರಡು ಕಿಲೋಮೀಟರ್ ಮೆಲ್ಲಗೆ ಓಡಿಸಿದರೆ ಟರ್ಬೊ ತಾನೇ ತಣಿಯುತ್ತದೆ. ಹೆದ್ದಾರಿ ಪಕ್ಕದ ಹೋಟೆಲಿಗೆ ನೇರವಾಗಿ ಹೊರಳಿಸಿ ನಿಲ್ಲಿಸಿದರೆ ಒಂದು ನಿಮಿಷ ಎಂಜಿನ್ ಚಾಲೂ ಇರಲಿ. ಕೆಲವು ಕಾರುಗಳಲ್ಲಿ ಎಂಜಿನ್ ಆರಿಸಿದ ಮೇಲೂ ಕೂಲಂಟ್ ಪಂಪು, ಫ್ಯಾನು ಓಡುತ್ತವೆ, ಅದು ದೋಷವಲ್ಲ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಬದಲಿಸಿ ಶಕ್ತಿ ಹೆಚ್ಚಿಸಿಕೊಡುತ್ತೇವೆ ಎನ್ನುವವರ ಮಾತಿಗೆ ದಯವಿಟ್ಟು ಒಪ್ಪಬೇಡಿ; ಅದರಿಂದ ವಾರಂಟಿ ಕೈತಪ್ಪುವುದಷ್ಟೇ ಅಲ್ಲ, ಮೇಲೆ ಹೇಳಿದ ಎಲ್ಲ ತೊಂದರೆಗಳೂ ಒಟ್ಟಿಗೆ ಹತ್ತಿರವಾಗುತ್ತವೆ.

ಪೆಟ್ರೋಲ್ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪ. ಹೆಚ್ಚು ವ್ಯಾಪಾರ ಇರುವ ಬಂಕಿನಲ್ಲಿ ತುಂಬಿಸಿ, ಟ್ಯಾಂಕರ್ ಇಳಿಸುತ್ತಿರುವಾಗ ಬೇಡ. ಹಳ್ಳಿಯ ಅಂಗಡಿಯ ಬಾಟಲಿ ಪೆಟ್ರೋಲ್ ಈ ಎಂಜಿನ್‌ಗೆ ಹಾಕಲೇಬೇಡಿ, 300 ಬಾರ್ ಒತ್ತಡದ ಪಂಪು ಮತ್ತು ಇಂಜೆಕ್ಟರ್‌ಗಳಿಗೆ ಸಣ್ಣ ಕಸವೂ ನೀರೂ ದುಬಾರಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರನ್ನು ಹೀರಿಕೊಳ್ಳುವುದರಿಂದ ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕ್ ಖಾಲಿ ಬಿಡಬೇಡಿ.

ವಾಲ್ವ್ ಮೇಲಿನ ಮಸಿ

ಹಳೆಯ ಪದ್ಧತಿಯಲ್ಲಿ ಪೆಟ್ರೋಲ್ ಒಳಬರುವ ವಾಲ್ವ್ ಮೇಲೇ ಬಿದ್ದು ಅದನ್ನು ತೊಳೆಯುತ್ತಿತ್ತು. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಆ ತೊಳೆತ ಇಲ್ಲ. ಎಂಜಿನ್ ಒಳಗಿನ ಆಯಿಲ್ ಆವಿ ವಾಲ್ವ್‌ಗೆ ಅಂಟಿ, ಬಿಸಿಗೆ ಒಣಗಿ, ಪದರ ಪದರವಾಗಿ ಮಸಿ ಕಟ್ಟುತ್ತದೆ. ಬೆಳಗ್ಗೆ ತಣ್ಣಗಿರುವಾಗ ಎಂಜಿನ್ ನಡುಗುವುದು, ಪಿಕಪ್ ಮಂಕಾಗುವುದು, ಮೈಲೇಜ್ ನಿಧಾನವಾಗಿ ಇಳಿಯುವುದು ಇದರ ಲಕ್ಷಣಗಳು. ಬಂಕಿನಲ್ಲಿ ಮಾರುವ ಇಂಧನ ಕ್ಲೀನರ್ ಡಬ್ಬಿಗಳು ಇಂಜೆಕ್ಟರಿಗೆ ಉಪಯೋಗವಾಗಬಹುದು, ಈ ವಾಲ್ವ್‌ಗಳಿಗೆ ಆಗುವುದಿಲ್ಲ, ಏಕೆಂದರೆ ಪೆಟ್ರೋಲ್ ಅಲ್ಲಿಗೆ ತಲುಪುವುದೇ ಇಲ್ಲ. ಲಕ್ಷಣ ಕಂಡರೆ ಮೊದಲು ಸ್ಪಾರ್ಕ್ ಪ್ಲಗ್ ಮತ್ತು ಇಗ್ನಿಷನ್ ಕಾಯಿಲ್ ನೋಡಿಸಿ, ಬಹಳ ಸಲ ತಪ್ಪು ಅಲ್ಲೇ ಇರುತ್ತದೆ. ಅವು ಸರಿ ಇದ್ದರೆ ತೆಳು ಕ್ಯಾಮೆರಾ ಇಳಿಸಿ ವಾಲ್ವ್ ತೋರಿಸಲು ಕೇಳಿ. ದಪ್ಪ ಮಸಿ ಕಣ್ಣಿಗೆ ಕಂಡ ಮೇಲಷ್ಟೇ ಶುಚಿಗೆ ಒಪ್ಪಿಕೊಳ್ಳಿ. ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಿಂದ ಬಿಟ್ಟು ಉಜ್ಜುವ ವಿಧಾನ ಉತ್ತಮ, ಅದು ಮಸಿಯನ್ನು ಕೀಳುತ್ತದೆ, ಲೋಹವನ್ನು ಗೀರುವುದಿಲ್ಲ. ಈ ಉಪಕರಣ ಎಲ್ಲ ಗ್ಯಾರೇಜುಗಳಲ್ಲಿ ಇರುವುದಿಲ್ಲ, ಹುಬ್ಬಳ್ಳಿ ಅಥವಾ ಬೆಂಗಳೂರಿಗೆ ಹೋಗಬೇಕಾಗಿ ಬಂದರೂ ಹೋಗುವುದು ಲೇಸು. ಚೂಪಾದ ಕಬ್ಬಿಣದಿಂದ ಕೆರೆಯಲು ಬಿಡಬೇಡಿ.

ಹಳೆಯ ಕಾರು ಕೊಳ್ಳುವಾಗ, ದೀಪ ಹೊತ್ತಿದಾಗ

ಸೆಕೆಂಡ್ ಹ್ಯಾಂಡ್ ಕಾರನ್ನು ನೋಡಲು ಬೆಳಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗಲೇ ನೀವೇ ಸ್ಟಾರ್ಟ್ ಮಾಡಿ. ಮೊದಲ ಕ್ಷಣಗಳಲ್ಲಿ ಚೈನಿನ ಗಲಗಲ ಸದ್ದು ಬಂದರೆ, ಐದು ನಿಮಿಷ ನಿಂತಲ್ಲೇ ಓಡಿ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ಎಚ್ಚರವಾಗಿ. ಇಂಧನ ಪಂಪಿನ ಸಣ್ಣ ಟಿಕ್ ಟಿಕ್ ಈ ಎಂಜಿನ್‌ಗಳಿಗೆ ಸಹಜ, ಅದಕ್ಕೆ ಹೆದರಬೇಡಿ. ಆಯಿಲ್ ಬದಲಿಸಿದ ಬಿಲ್ಲುಗಳನ್ನು ತಾರೀಖು ಮತ್ತು ಕಿಲೋಮೀಟರ್ ಸಹಿತ ಕೇಳಿ. ಬಿಲ್ಲುಗಳಿಲ್ಲದ ಟರ್ಬೊ ಕಾರು ಎಷ್ಟು ಹೊಳೆಯುತ್ತಿದ್ದರೂ ನಾನು ಕೊಳ್ಳುವುದಿಲ್ಲ. ಗಣಿ ಕಂಪನಿಗೆ ಓಡಿದ ಕಾರಾಗಿದ್ದರೆ ಏರ್ ಫಿಲ್ಟರ್ ಡಬ್ಬಿ ತೆಗೆಸಿ, ಆಚೆ ಬದಿಯ ಪೈಪಿನಲ್ಲಿ ಬೆರಳಾಡಿಸಿ ನೋಡಿ.

ಓಡಿಸುವಾಗ ಎಂಜಿನ್ ಚಿತ್ರದ ಹಳದಿ ದೀಪ ಸುಮ್ಮನೆ ಹೊತ್ತಿಕೊಂಡಿದ್ದರೆ ನಿಧಾನವಾಗಿ ಗ್ಯಾರೇಜ್ ತಲುಪಿ ಕೋಡ್ ಓದಿಸಬಹುದು. ಅದು ಮಿಣುಕುತ್ತಿದ್ದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ, ಕೂಡಲೇ ನಿಲ್ಲಿಸಿ. ಆಯಿಲ್ ಡಬ್ಬಿಯ ಕೆಂಪು ದೀಪ ಹೊತ್ತಿದರೆ ಮುಂದಿನ ಊರಿನವರೆಗೆ ಎಂದು ಯೋಚಿಸಬೇಡಿ. ಆಯಿಲ್ ಒತ್ತಡವಿಲ್ಲದೆ ಟರ್ಬೊ ಬದುಕುವುದು ಸೆಕೆಂಡುಗಳ ಲೆಕ್ಕದಲ್ಲಿ. ರಸ್ತೆ ಬದಿಗೆ ಸರಿಸಿ, ಎಂಜಿನ್ ಆರಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮಟ್ಟ ಸರಿ ಇದ್ದರೂ ಮತ್ತೆ ಸ್ಟಾರ್ಟ್ ಮಾಡದೆ ಇನ್ಶೂರೆನ್ಸ್ ಅಥವಾ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ, ಕಾರನ್ನು ಪೂರ್ತಿ ಮೇಲೇರಿಸಿಕೊಂಡು ಹೋಗುವ ಫ್ಲಾಟ್‌ಬೆಡ್ ಗಾಡಿಯನ್ನೇ ಕಳಿಸಲು ಹೇಳಿ.